ಮಳೆ ಬರೆಯದ 55 ದಿನ

ಅಪ್ಪ ಎರಡು ಸಲ ನಿವೃತ್ತರಾದರು. ಮೊದಲನೆಯ ಸಲ 2003ರಲ್ಲಿ, ಅರವತ್ತು ತುಂಬಿದಾಗ. ಅಂಚೆ ಇಲಾಖೆಯ ಆದೇಶ ಬಂತು. ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು, ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡರು. ಎರಡನೆಯ ಸಲ 2018ರ ಕೊನೆಯಲ್ಲಿ. ಆಗ ಹಾರ ಇರಲಿಲ್ಲ, ಆದೇಶವೂ ಇರಲಿಲ್ಲ. ನಿವೃತ್ತಿ ಮಾಡಿಸಿದವರು ನಾವು ಮಕ್ಕಳು. ಹಾಗೆ ಮಾಡಿದ್ದೇವೆ ಅನ್ನುವುದೂ ನಮಗೆ ಗೊತ್ತಾಗಲಿಲ್ಲ.

ಆ ಎರಡನೆಯದರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ನಾನು ಮಡಿಕೇರಿಯಲ್ಲಿ ಟೀಚರ್. ಇನ್ನು ಕೆಲವೇ ವರ್ಷಕ್ಕೆ ನನಗೂ ಅರವತ್ತು. ಬರೆಯಲು ಅದೂ ಒಂದು ಕಾರಣ ಇರಬಹುದು.

ಅಪ್ಪ ಪೋಸ್ಟ್ ಮಾಸ್ಟರ್ ಆಗಿದ್ದರು. ನಮ್ಮ ಕಡೆ ಮನೆಗೊಬ್ಬರು ಸೈನ್ಯದಲ್ಲಿದ್ದ ಕಾಲ ಅದು. ಮನಿಯಾರ್ಡರು, ಇನ್‌ಲ್ಯಾಂಡ್ ಪತ್ರ, ಊರಿಗೆ ಬರುವ ಒಳ್ಳೆಯ ಸುದ್ದಿ ಕೆಟ್ಟ ಸುದ್ದಿ ಎಲ್ಲ ಅಪ್ಪನ ಮೇಜು ದಾಟಿಯೇ ಹೋಗಬೇಕಿತ್ತು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆಯುವಾಗ ಬಾಗಿಲು ತೆಗೆಯುವ ಮೊದಲೇ ತಾಯಂದಿರು ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರಂತೆ. ಅಂಚೆ ಚೀಲ ಬಿಚ್ಚುವಾಗ ಕೈ ನಡುಗುತ್ತಿತ್ತು ಅಂತ ಅಪ್ಪ ಒಮ್ಮೆ ಹೇಳಿದ್ದರು.

ಅಂಥವರು ನಿವೃತ್ತರಾದ ಮೇಲೆ ಮೊದಲ ಎರಡು ತಿಂಗಳು ಮನೆ ಹಬ್ಬದ ಹಾಗಿತ್ತು. ನೆಂಟರ ಮನೆ, ಮದುವೆ, ತಲಕಾವೇರಿ. ಆಮೇಲೆ ಬೆಳಗ್ಗೆ ಒಂಬತ್ತೂವರೆ ಆಯಿತೆಂದರೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಗೇಟಿನ ತನಕ ಹೋಗುವುದು, ಬಸ್ಸು ಹೋಗುವುದನ್ನು ನೋಡಿ ವಾಪಸ್ ಬರುವುದು. ಅಮ್ಮನಿಗೂ ಕಷ್ಟವಾಗಿತ್ತು. 'ಮಧ್ಯಾಹ್ನ ಎರಡು ಗಂಟೆ ಹೊತ್ತು ನನ್ನದು ಅಂತ ಇತ್ತು, ಅದೂ ಹೋಯ್ತು ಮಗಳೇ' ಅಂದಿದ್ದರು. ಅಮೆರಿಕದ ರಾಬರ್ಟ್ ಅಚ್ಲಿ ಅನ್ನುವ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ನಿವೃತ್ತಿಯಾದ ಹೊಸತರಲ್ಲಿ ಮದುವೆಯಾದ ಹೊಸತರ ಹಾಗೆ ಖುಷಿ, ಆಮೇಲೆ ಒಂದು ಇಳಿತ, ನಿಧಾನಕ್ಕೆ ಹೊಸ ದಾರಿ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗಬೇಕು ಅಂತಿಲ್ಲ. ಅಪ್ಪನಿಗೆ ಮಾತ್ರ ಹಾಗೇ ಆಯಿತು.

ಅವರ ಹೊಸ ದಾರಿ ನಾಲ್ಕು ಎಕರೆ ಕಾಫಿ ತೋಟ. ಆಗ ಕಾಫಿಗೆ ಬೆಲೆಯೇ ಇರಲಿಲ್ಲ. ಆದರೂ ಅಪ್ಪ ಗಮ್ ಬೂಟು ಹಾಕಿಕೊಂಡು ಇಳಿದೇಬಿಟ್ಟರು. ಮರ ಕಪಾತು, ಚಿಗುರು ತೆಗೆಸುವುದು, ಮೆಣಸಿನ ಬಳ್ಳಿಗೆ ಮದ್ದು, ಕಣದಲ್ಲಿ ಕಾಫಿ ಒಣಗಿಸುವುದು. ಹದಿನೈದು ವರ್ಷ ಹೀಗೆ ನಡೆಯಿತು.

ಇನ್ನು ಮಳೆ ಪುಸ್ತಕದ ವಿಷಯ. ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಅಂಗಳದಾಚೆ ಒಂದು ಮಳೆ ಮಾಪಕ ಇರುತ್ತದೆ. ಬೆಳಗ್ಗೆ ಎದ್ದು ಹಿಂದಿನ ದಿನದ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮ ಲೆಕ್ಕ ಈಗಲೂ ಇಂಚು ಮತ್ತು ಸೆಂಟು. ಒಂದು ಇಂಚಿಗೆ ನೂರು ಸೆಂಟು. ಮಾರ್ಚ್, ಏಪ್ರಿಲ್‌ನಲ್ಲಿ ಬಂದು ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ದಾಟಿತೋ ಇಲ್ಲವೋ ಅನ್ನುವುದರ ಮೇಲೆ ಮುಂದಿನ ವರ್ಷದ ಫಸಲು ನಿಂತಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಇಬ್ಬರು ಸಿಕ್ಕಿದರೆ 'ಹೇಗಿದ್ದೀರಿ' ಅನ್ನುವ ಮೊದಲು 'ನಿಮ್ಮಲ್ಲಿ ಎಷ್ಟು ಇಂಚು' ಅಂತ ಕೇಳುವುದು.

ಅಪ್ಪ 1978ರಿಂದ ಬರೆಯುತ್ತಿದ್ದರು. ವರ್ಗವಾಗಿ ಬೇರೆ ಊರಿಗೆ ಹೋದಾಗ ಅಮ್ಮ ಬರೆದಿದ್ದಾರೆ. ಕೆಲವು ತಿಂಗಳು ಅಮ್ಮನ ದುಂಡು ಅಕ್ಷರ, ಮತ್ತೆ ಅಪ್ಪನ ಓರೆ ಅಕ್ಷರ. ಪಕ್ಕದ ತೋಟದ ಹವಾಲ್ದಾರರದ್ದೂ ಇದೇ ಹುಚ್ಚು. ಎಂಟೂಮುಕ್ಕಾಲಿಗೆ ಅವರ ಫೋನು. 'ಮಾಸ್ಟ್ರೇ, ಎಷ್ಟು?' 'ಒಂದು ಅರವತ್ತು. ನಿಮ್ಮದು?' ಅಷ್ಟೇ ಮಾತು, ಫೋನು ಇಡುವುದು. ಅಷ್ಟರ ಮೇಲೆ ಇಬ್ಬರ ದಿನ ಶುರುವಾಗುತ್ತಿತ್ತು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ನಾವು ಮಕ್ಕಳು ಹೆದರಿಬಿಟ್ಟೆವು. ಅಪ್ಪನಿಗೆ ಎಪ್ಪತ್ತೈದು. ಮಳೆಯಲ್ಲಿ ತೋಟಕ್ಕೆ ಹೋದವರು ಬಿದ್ದರೆ? ರಸ್ತೆ ಮುಚ್ಚಿದರೆ? ತಮ್ಮ ಬೆಂಗಳೂರಿನಿಂದ ಬಂದ. ಇಬ್ಬರೂ ಕೂತು ಮಾತಾಡಿದೆವು. ತೋಟವನ್ನು ಗುತ್ತಿಗೆಗೆ ಕೊಟ್ಟೆವು, ಹಸುಗಳನ್ನು ಮಾರಿದೆವು, ಬ್ಯಾಂಕಿನ ಲೆಕ್ಕವನ್ನು ತಮ್ಮನ ಫೋನಿಗೆ ಹಾಕಿಸಿದೆವು. ಅಪ್ಪನ ಜೇಬಿನಲ್ಲಿದ್ದ ಗೋದಾಮಿನ ಬೀಗದ ಕೈಯನ್ನು ಗುತ್ತಿಗೆದಾರನಿಗೆ ಕೊಟ್ಟವಳು ನಾನೇ. 'ದುಡಿದದ್ದು ಸಾಕು ಅಪ್ಪ, ಇನ್ನು ಆರಾಮಾಗಿರಿ' ಅಂದೆ. ಪ್ರೀತಿಯಿಂದಲೇ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ತಲೆಯಾಡಿಸಿದರು. ಒಪ್ಪಿಗೆ ಅಂದುಕೊಂಡೆ.

ಮೊದಲು ಊಟ ಕಡಿಮೆಯಾಯಿತು. ಆಮೇಲೆ ಹೊಟ್ಟೆಯುರಿ, ತಲೆಭಾರ, ಮೈಕೈ ನೋವು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಹೇಳಿದ್ದು ಮರೆಯುತ್ತಿದ್ದರು, ಮಾತಿಗೆ ಉತ್ತರ ಬರುವುದು ತಡವಾಗುತ್ತಿತ್ತು. ಒಬ್ಬ ಡಾಕ್ಟರಿಗೆ ತೋರಿಸಿದೆವು. 'ವಯಸ್ಸಾಯ್ತಲ್ವಾ' ಅಂದರು. ನಾವೂ ಹಾಗೇ ಅಂದುಕೊಂಡೆವು. ಮರೆವಿನ ಕಾಯಿಲೆ ಶುರುವಾಗಿದೆ ಅಂತ ತಮ್ಮ ಇಂಟರ್ನೆಟ್ಟಿನಲ್ಲಿ ಓದಿ ಓದಿ ಕಂಗಾಲಾಗಿದ್ದ.

2019ರ ಜುಲೈ ಮೊದಲ ವಾರ ಅಮ್ಮ ಫೋನು ಮಾಡಿದರು. ಮೂರು ದಿನದಿಂದ ಕರೆಂಟಿರಲಿಲ್ಲ. ಮನೆಯ ಮಾತೆಲ್ಲ ಆದ ಮೇಲೆ ಸ್ವಲ್ಪ ತಡೆದು ಹೇಳಿದರು. 'ನಿನ್ನಪ್ಪ ಮಳೆ ಬರೀತಾ ಇಲ್ಲ ಮಗಳೇ.'

ಹೊಟ್ಟೆನೋವು ಅಂದಾಗ, ನಿದ್ದೆ ಇಲ್ಲ ಅಂದಾಗ ನನಗೆ ಹೆದರಿಕೆ ಆಗಿರಲಿಲ್ಲ. ಆ ಮಾತಿಗೆ ಎದೆ ಧಸಕ್ಕೆಂದಿತು. ಮರುದಿನವೇ ಹೋದೆ. ಪುಸ್ತಕ ಮೇಜಿನ ಮೇಲೆಯೇ ಇತ್ತು. ಜೂನ್ 8ರ ಎದುರು ಅಂಕಿ ಇದೆ. 9ರಿಂದ ಖಾಲಿ. ತಾರೀಖು ಮಾತ್ರ ಮೊದಲೇ ಬರೆದಿಟ್ಟದ್ದು ಕೆಳಗಿನ ತನಕ ಇದೆ, ಎದುರಿಗೆ ಏನೂ ಇಲ್ಲ. ಮಾಪಕದ ಬಾಟಲಿ ತುಂಬಿ ಹೊರಗೆ ಚೆಲ್ಲಿ ಹೋಗುತ್ತಿತ್ತು. ಅಪ್ಪ ಅಗ್ಗಿಷ್ಟಿಕೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. 'ಯಾಕಪ್ಪ ಬರೆದಿಲ್ಲ?' ಅಂತ ಕೇಳಿದೆ. 'ಯಾರಿಗೆ ಬೇಕು ಅದು?' ಅಂದರು. ಸಿಟ್ಟಿರಲಿಲ್ಲ, ದುಃಖವೂ ಕಾಣಲಿಲ್ಲ. ಅದೇ ನನಗೆ ತಡೆಯಲು ಆಗದ್ದು.

ಈ ಸಲ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅಪ್ಪನಿಗೆ ಅದನ್ನು ಹೇಳಲು ಬಹಳ ಸಂಕೋಚವಾಯಿತು. ನಮ್ಮಲ್ಲಿ ಇನ್ನೂ ಆ ಬಾಗಿಲ ಮುಂದೆ ಯಾರಾದರೂ ನೋಡಿಬಿಟ್ಟರೆ ಅನ್ನುವ ಭಯ ಇದೆ. ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡು, ಬಿ12, ಸೋಡಿಯಂ. ಇವುಗಳಲ್ಲಿ ಏರುಪೇರಾದರೂ ವಯಸ್ಸಾದವರು ಹೀಗೇ ಮಂಕಾಗುತ್ತಾರಂತೆ. ಆಮೇಲೆ ಹೌದು, ಇಲ್ಲ ಅಂತ ಉತ್ತರಿಸುವ ಹದಿನೈದು ಪ್ರಶ್ನೆ ಕೇಳಿದರು. ವಯಸ್ಸಾದವರ ಖಿನ್ನತೆ ಗುರುತಿಸಲೆಂದೇ 1980ರ ದಶಕದಲ್ಲಿ ಸಿದ್ಧವಾದ ಪಟ್ಟಿ ಅದು. ಅದರಲ್ಲಿ ನಿದ್ದೆ, ಹಸಿವು, ಮೈನೋವಿನ ಪ್ರಶ್ನೆಗಳಿಲ್ಲ. ಆ ವಯಸ್ಸಿನಲ್ಲಿ ಅವು ಬೇರೆ ಕಾರಣಕ್ಕೂ ಇರುತ್ತವಲ್ವಾ, ಅದಕ್ಕೆ. ಮೊದಲು ಮಾಡುತ್ತಿದ್ದ ಕೆಲಸಗಳನ್ನು ಬಿಟ್ಟಿದ್ದೀರಾ, ಬದುಕು ಖಾಲಿ ಅನ್ನಿಸುತ್ತದಾ, ಈಗಿರುವ ಹಾಗೆ ನಿಮ್ಮಿಂದ ಯಾರಿಗೂ ಉಪಯೋಗವಿಲ್ಲ ಅನ್ನಿಸುತ್ತದಾ ಅನ್ನುವಂಥ ಪ್ರಶ್ನೆಗಳು. ಕೊನೆಯದಕ್ಕೆ ಅಪ್ಪ ನನ್ನ ಕಡೆ ನೋಡದೆ 'ಹೌದು' ಅಂದರು.

ಹೊರಗೆ ಬಂದ ಮೇಲೆ ಡಾಕ್ಟರು ವಿವರಿಸಿದ್ದು ನನಗೆ ಹೊಸತು. ಎಳೆಯರಂತೆ ವಯಸ್ಸಾದವರು 'ನನಗೆ ಬೇಜಾರು' ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಅವರ ಖಿನ್ನತೆ ಹೊಟ್ಟೆನೋವಾಗಿ, ಸುಸ್ತಾಗಿ, ಮರೆವಾಗಿ ಬರುತ್ತದೆ. ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಎಷ್ಟೋ ಸುಧಾರಿಸುತ್ತದೆ. 'ವಯಸ್ಸಾಯ್ತು' ಅಂತ ಬಿಟ್ಟರೆ ಅದು ಅಲ್ಲೇ ಉಳಿಯುತ್ತದೆ. ಆಮೇಲೆ ಒಂದು ಲೆಕ್ಕ ಓದಿದೆ. ಭಾರತದಲ್ಲಿ 2017-18ರಲ್ಲಿ ವಯಸ್ಸಾದವರ ಬಗ್ಗೆ ಲಾಸಿ ಅನ್ನುವ ದೊಡ್ಡ ಸಮೀಕ್ಷೆ ನಡೆಯಿತು. ಅರವತ್ತು ದಾಟಿದವರಲ್ಲಿ ನೂರಕ್ಕೆ 8.3 ಮಂದಿಗೆ ತೀವ್ರ ಖಿನ್ನತೆಯ ಲಕ್ಷಣ ಇತ್ತು. ನಿಮಗೆ ಖಿನ್ನತೆ ಇದೆ ಅಂತ ಡಾಕ್ಟರಿಂದ ಹೇಳಿಸಿಕೊಂಡವರು ನೂರಕ್ಕೆ 0.8. ಅಂದರೆ ಹತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಉಳಿದ ಒಂಬತ್ತು ಮಂದಿ ಎಲ್ಲೋ ಅಗ್ಗಿಷ್ಟಿಕೆಯ ಪಕ್ಕ ಸುಮ್ನೆ ಕೂತಿದ್ದಾರೆ.

ಕಿವಿಯನ್ನೂ ಪರೀಕ್ಷೆ ಮಾಡಿಸಿದರು. ಅಪ್ಪನಿಗೆ ಎಡಗಿವಿ ಸಾಕಷ್ಟು ಮಂದವಾಗಿತ್ತು. ಹವಾಲ್ದಾರರ ಫೋನು ಯಾಕೆ ನಿಂತಿತು ಅಂತ ಆಗ ಗೊತ್ತಾಯಿತು. ಒಂದು ಹತ್ತು ಅಂದದ್ದು ಒಂದು ಎಪ್ಪತ್ತು ಅಂತ ಕೇಳಿಸಿ ಒಂದೆರಡು ಸಲ ತಪ್ಪಾಗಿದೆ. ನಾಚಿಕೆಯಾಗಿ ಅಪ್ಪ ಫೋನು ತೆಗೆಯುವುದನ್ನೇ ಬಿಟ್ಟಿದ್ದರು. ಕಿವಿ ಕೇಳದವರು ಮಾತಿನಿಂದ ಹಿಂದೆ ಸರಿಯುತ್ತಾರೆ. ಮನೆಯವರು ಅದನ್ನು ಮರೆವು ಅಂದುಕೊಳ್ಳುತ್ತಾರೆ, ಸಿಡುಕು ಅಂದುಕೊಳ್ಳುತ್ತಾರೆ. ಮಿದುಳಿನ ನಿಜವಾದ ಮರೆವಿನ ಕಾಯಿಲೆಗೂ ಕಿವುಡುತನ ದಾರಿ ಮಾಡಿಕೊಡಬಹುದು ಅಂತ ಈಗ ಡಾಕ್ಟರುಗಳು ಒತ್ತಿ ಹೇಳುತ್ತಾರೆ. ಶ್ರವಣ ಸಾಧನ ಬಂತು. ನಮ್ಮ ಮಳೆಗಾಲದ ತೇವಕ್ಕೆ ಅದು ಬೇಗ ಕೆಡುತ್ತದೆ ಅಂತ ರಾತ್ರಿ ತೇವ ಹೀರುವ ಹರಳಿನ ಡಬ್ಬಿಯಲ್ಲಿ ಇಡಬೇಕು. ಅದನ್ನು ಅಮ್ಮ ನೋಡಿಕೊಂಡರು.

ಮಾತ್ರೆ ಕೂಡಲೇ ಕೆಲಸ ಮಾಡುವುದಿಲ್ಲ. ಕೆಲವು ವಾರ ಬೇಕು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಗುಣವಾಯಿತು ಅಂತ ನಾವಾಗಿಯೇ ನಿಲ್ಲಿಸಲೂ ಬಾರದು. ಇದನ್ನು ಡಾಕ್ಟರು ಮೂರು ಸಲ ಹೇಳಿದರು. ಜೊತೆಗೆ ಕೇಳಿದರು, 'ದಿನಾ ಬೆಳಗ್ಗೆ ಎದ್ದು ಇವರೇನು ಮಾಡ್ತಾ ಇದ್ರು?' ಅಮ್ಮ ಮಳೆ ಪುಸ್ತಕದ ವಿಷಯ ಹೇಳಿದರು. 'ಅದನ್ನೇ ಮತ್ತೆ ಶುರು ಮಾಡಿಸಿ. ಮನಸ್ಸು ಬರಲಿ ಆಮೇಲೆ ಮಾಡೋಣ ಅಂತ ಕಾಯಬೇಡಿ' ಅಂದರು.

ಹೇಳುವುದು ಸುಲಭ. ತಮ್ಮ ಪದಬಂಧದ ಪುಸ್ತಕ ತಂದುಕೊಟ್ಟ, ಟ್ಯಾಬ್ ಕೊಡಿಸಿದ. ನಾನು ಹಳೆಯ ಫೋಟೊಗಳನ್ನು ವರ್ಷದ ಪ್ರಕಾರ ಜೋಡಿಸಿ ಕೊಡಿ ಅಂದೆ. ಅಪ್ಪ ಮುಟ್ಟಲಿಲ್ಲ. ಹೊತ್ತು ಹೋಗಲಿ ಅಂತ ಕೊಟ್ಟ ಕೆಲಸ ಯಾವುದು, ನಿಜಕ್ಕೂ ಬೇಕಾದ ಕೆಲಸ ಯಾವುದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ದಾರಿ ತೋರಿಸಿದವನು ನಮ್ಮ ಗುತ್ತಿಗೆದಾರ. ಮೂವತ್ತರ ಹುಡುಗ. ಜುಲೈ ಕೊನೆಯಲ್ಲಿ ಒಂದು ಸಂಜೆ ನೆನೆದುಕೊಂಡು ಬಂದ. ರೊಬಸ್ಟಾ ಕಾಫಿಗೆ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕಬೇಕು, ಕೆರೆ ತೋಡಿಸಬೇಕು, ಸಾಲ ಮಾಡುವ ಮೊದಲು ಒಂದು ಲೆಕ್ಕ ಬೇಕು ಅಂದ. 'ಮಾಸ್ಟ್ರೇ, ಹಿಂದಿನ ಇಪ್ಪತ್ತು ವರ್ಷದಲ್ಲಿ ಮಾರ್ಚ್ ಹದಿನೈದರ ಒಳಗೆ ಹೂಮಳೆ ಎಷ್ಟು ಸಲ ಬಂದಿದೆ? ನಿಮ್ಮ ಹತ್ತಿರ ಬಿಟ್ರೆ ಬೇರೆಲ್ಲೂ ಸಿಗಲ್ಲ.' ಅವನನ್ನು ನಾವು ಕಳಿಸಿರಲಿಲ್ಲ. ಅಪ್ಪನಿಗೆ ಹುಷಾರಿಲ್ಲ ಅನ್ನುವುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಬೇಕಿತ್ತು, ಬಂದು ಕೇಳಿದ.

ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಟ್ರಂಕ್ ತೆಗೆದರು. ಆ ರಾತ್ರಿ ಸೀಮೆಎಣ್ಣೆ ದೀಪದಲ್ಲಿ ಎರಡು ಪುಸ್ತಕ ಮುಗಿಸಿದರಂತೆ. ನಾಲ್ಕು ದಿನ ಬೇಕಾಯಿತು. ಆಗಸ್ಟ್ 3, ನಮ್ಮ ಆಟಿ ತಿಂಗಳ ಹದಿನೆಂಟನೆಯ ದಿನ. ಅಮ್ಮ ಆಟಿ ಸೊಪ್ಪಿನ ಪಾಯಸ ಮಾಡಿದ್ದರು. ನಾನು ಹೋದಾಗ ಮನೆಯೆಲ್ಲ ಆ ಸೊಪ್ಪಿನ ವಾಸನೆ. ಪುಸ್ತಕದಲ್ಲಿ ಆ ದಿನದ ಎದುರು ಅಪ್ಪನ ಓರೆ ಅಕ್ಷರದಲ್ಲಿ ಅಂಕಿ ಇತ್ತು. ನಡುವೆ 55 ದಿನ ಖಾಲಿ. ಹವಾಲ್ದಾರರು ತಮ್ಮ ಪುಸ್ತಕ ನೋಡಿ ತುಂಬಿಸಿಕೊಳ್ಳಿ ಅಂದರು. ಅಪ್ಪ ಒಪ್ಪಲಿಲ್ಲ. 'ನಾನು ಅಳೆಯದ್ದನ್ನ ನಾನು ಬರೆಯಬಾರದು' ಅಂದರು. ಅದು ಈಗಲೂ ಖಾಲಿಯೇ ಇದೆ.

ಅದೊಂದು ಕೆಲಸದಿಂದಲೇ ಗುಣವಾಯಿತು ಅಂತ ನಾನು ಹೇಳುತ್ತಿಲ್ಲ. ಮಾತ್ರೆ ಇತ್ತು, ಕಿವಿ ಕೇಳಿಸತೊಡಗಿತ್ತು, ಅಮ್ಮ ಇದ್ದರು. ಆದರೆ 'ಯಾರಿಗೆ ಬೇಕು ಅದು' ಅನ್ನುವ ಪ್ರಶ್ನೆಗೆ ಮಾತ್ರೆ ಉತ್ತರ ಕೊಡುವುದಿಲ್ಲ. ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅನ್ನುವ ಮನಶ್ಶಾಸ್ತ್ರಜ್ಞೆಯರು ಮಾಡಿದ ಒಂದು ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯವರಿಗೆ ಗಿಡ ಕೊಟ್ಟು ಇದರ ಜವಾಬ್ದಾರಿ ನಿಮ್ಮದೇ ಅಂದರು. ದಿನದ ಸಣ್ಣಪುಟ್ಟ ತೀರ್ಮಾನಗಳನ್ನೂ ಅವರಿಗೇ ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ನರ್ಸುಗಳು ಹಾಕುತ್ತಾರೆ, ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ ಅಂದರು. ಕೆಲವೇ ವಾರದಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಂಡರು. ಎರಡನೆಯ ಮಹಡಿಯಲ್ಲಿ ಹೇಳಿದ ಮಾತು ನನಗೆ ಚುಚ್ಚುತ್ತದೆ. ನಾನು ಬೀಗದ ಕೈ ತೆಗೆದುಕೊಂಡಾಗ ಹೇಳಿದ್ದೂ ಅದನ್ನೇ.

ಕೊಡಗಿನಲ್ಲಿ ಇದಕ್ಕೆ ಬೇರೆ ತೂಕ ಇದೆ. ಇಲ್ಲಿ ಬೀದಿ ಅಂತಿಲ್ಲ, ಜಗಲಿಯಲ್ಲಿ ಕೂತರೆ ಹೋಗುವವರು ಬರುವವರು ಅಂತಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ. ಮಕ್ಕಳು ಬೆಂಗಳೂರು, ದುಬೈ. ಹಬ್ಬಕ್ಕೆ ಬರುತ್ತಾರೆ, ಪುತ್ತರಿ ಮುಗಿದರೆ ಮತ್ತೆ ಇಬ್ಬರೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟು, ಫೋನು, ಬಸ್ಸು ಮೂರೂ ಒಟ್ಟಿಗೆ ಕೈಕೊಡುತ್ತವೆ. ಸಂಜೆ ಆರಕ್ಕೇ ಕತ್ತಲು. ಆ ಹೊತ್ತಿಗೆ ಒಂದು ಪೆಗ್ಗು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹಬ್ಬಕ್ಕೆ ಕುಡಿಯುವುದು ನಮ್ಮಲ್ಲಿ ತಪ್ಪಲ್ಲ. ಆದರೆ ಒಬ್ಬರೇ ಕೂತು ನಿದ್ದೆಗಾಗಿ ಕುಡಿಯುವುದು ಬೇರೆ. ಅದು ನಿದ್ದೆಯನ್ನೂ ಕೆಡಿಸುತ್ತದೆ, ಖಿನ್ನತೆಯನ್ನೂ ಜಾಸ್ತಿ ಮಾಡುತ್ತದೆ. ಇದನ್ನು ಮನೆಯವರು ನೋಡಿಯೂ ನೋಡದ ಹಾಗೆ ಇರಬಾರದು.

ಸೈನ್ಯಕ್ಕೆ ಹೋದವರಲ್ಲಿ ಎಷ್ಟೋ ಮಂದಿ ನಲ್ವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಬರುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೈನ್ಯದಿಂದ ನಿವೃತ್ತರಾದದ್ದು 1953ರಲ್ಲಿ, ತೀರಿಕೊಂಡದ್ದು 1993ರಲ್ಲಿ. ನಡುವೆ ನಲ್ವತ್ತು ವರ್ಷ! ಅದರಲ್ಲಿ ಮೂರು ವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ನಮ್ಮ ಹೈಕಮಿಷನರ್. ಆಮೇಲೆ ಮಡಿಕೇರಿಯ ಮನೆ, ಮಾಜಿ ಸೈನಿಕರ ಕೆಲಸ. ಜನರಲ್ ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾದರು. 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಡೆಗೆ ಅವರು ಬೇಕಾದರು, ಹೋದರು. ದೊಡ್ಡವರನ್ನು ಲೋಕವೇ ಹುಡುಕಿಕೊಂಡು ಬರುತ್ತದೆ. ನಮ್ಮ ಹವಾಲ್ದಾರರಂಥವರನ್ನು, ಅಪ್ಪನಂಥವರನ್ನು ಹುಡುಕಿಕೊಂಡು ಬರಬೇಕಾದವರು ನಾವೇ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಯಾರಾದರೂ 'ನಾನಿದ್ದು ಏನು ಪ್ರಯೋಜನ', 'ನಿಮಗೆಲ್ಲ ಭಾರ' ಅನ್ನುತ್ತಿದ್ದರೆ ದಯವಿಟ್ಟು 'ಹಾಗೆಲ್ಲ ಮಾತಾಡಬಾರದು' ಅಂತ ಬಾಯಿ ಮುಚ್ಚಿಸಬೇಡಿ. ಹತ್ತಿರ ಕೂತು ಕೇಳಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಿರಿಯರಿಗೆಂದೇ 14567 ಅನ್ನುವ ಸಹಾಯವಾಣಿಯೂ ಇದೆ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಕಳೆದ ಮಳೆಗಾಲ ಪಾಚಿಯ ಮೇಲೆ ಕಾಲು ಜಾರಿ ಬಿದ್ದರು. ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ತಮ್ಮ ಬೆಂಗಳೂರಿನಿಂದ ಫೋನು ಮಾಡಿ, ಸಾಕು ಇನ್ನು ಮಳೆ ಅಳೆಯುವುದು ಬೇಡ ಅಂದ. ಮಾಪಕವನ್ನಾದರೂ ಮೆಟ್ಟಿಲ ಪಕ್ಕಕ್ಕೆ ತರೋಣ ಅಂದೆ ನಾನು. ಸೂರಿನ ಹತ್ತಿರ ಇಟ್ಟರೆ ಲೆಕ್ಕ ಸುಳ್ಳಾಗುತ್ತದೆ ಅಂತ ಅಪ್ಪ ನನ್ನನ್ನೇ ಗದರಿದರು. ಅವರು ಗದರಿದ್ದು ಕೇಳಿ ನನಗೆ ಸಂತೋಷವೇ ಆಯಿತು. ಕೊನೆಗೆ ಮೆಟ್ಟಿಲಿನಿಂದ ಮಾಪಕದ ತನಕ ಒರಟು ಕಲ್ಲು ಹಾಸಿದೆವು. ಉದ್ದಕ್ಕೂ ಹಿಡಿದುಕೊಂಡು ಹೋಗಲು ಕಬ್ಬಿಣದ ಪೈಪು ಹಾಕಿಸಿ ಹಸಿರು ಬಣ್ಣ ಹಚ್ಚಿಸಿದೆವು. ಇಪ್ಪತ್ತಾರು ಹೆಜ್ಜೆ. ಮೊನ್ನೆ ಹೋದಾಗ ನೋಡಿದೆ. ಅಪ್ಪ ಕೈ ಹಿಡಿಯುವ ಎತ್ತರದಲ್ಲಿ ಬಣ್ಣ ಆಗಲೇ ಎದ್ದಿದೆ.